ಬೀಗ ಒಡೆಯಹೊರಟ ವೈದ್ಯೆಯ ಪರವಾಗಿ

ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ವಿಚಾರಣಾ ಸಮಿತಿಯ ವರದಿ ಕೈಸೇರಿದೆ. ಹತ್ತೊಂಬತ್ತು ಪುಟಗಳನ್ನು ಮೂರು ಸಲ ಓದಿದ್ದೇನೆ. ಹನ್ನೊಂದನೇ ಪ್ಯಾರಾದಲ್ಲಿ ನೀವು ಒಬ್ಬರ ಬೆನ್ನು ತಟ್ಟಿದ್ದೀರಿ: "ಸ್ಥಳದಲ್ಲಿದ್ದ ರೋಗಿಯ ಸಂಬಂಧಿಯೊಬ್ಬರು ಸಮಯಪ್ರಜ್ಞೆ ಮೆರೆದು, ಸಂಸ್ಥೆಯ ಸ್ವತ್ತಿಗೆ ಆಗಬಹುದಾಗಿದ್ದ ಹಾನಿಯನ್ನು ತಪ್ಪಿಸಿರುತ್ತಾರೆ." ಆ ಸಂಬಂಧಿ ನಾನು. ರೋಗಿ ನನ್ನ ಅಕ್ಕ. ನಾನು ತಪ್ಪಿಸಿದ ಹಾನಿ ಒಂದು ಕಬ್ಬಿಣದ ಕಪಾಟಿನ ಬೀಗಕ್ಕೆ ಆಗಬೇಕಾಗಿದ್ದದ್ದು. ತಪ್ಪಿಸಲಾಗದೆ ಹೋದದ್ದು ಏನೆಂಬುದು ನಿಮ್ಮ ವರದಿಯ ಮೊದಲ ಪುಟದಲ್ಲೇ, ಮೃತರ ವಯಸ್ಸಿನ ಪಕ್ಕದಲ್ಲಿ, ನಮೂದಾಗಿದೆ. ಈ ಪ್ರಶಂಸೆ ನನಗೆ ಬೇಡ, ದಯವಿಟ್ಟು ಹಿಂಪಡೆಯಿರಿ.

ಹನ್ನೆರಡನೇ ಪ್ಯಾರಾ ಇನ್ನೂ ಚೆನ್ನಾಗಿದೆ. ಆ ದಿನ ಅಪಘಾತ ವಿಭಾಗದಲ್ಲಿ ಕರ್ತವ್ಯದಲ್ಲಿದ್ದ ವೈದ್ಯೆ ಬೀಗ ಒಡೆಯಲು ಕೈ ಹಾಕಿದ್ದಕ್ಕಾಗಿ, ಅವರನ್ನು ಸೇವೆಯಿಂದ ಏಕೆ ಬಿಡುಗಡೆ ಮಾಡಬಾರದು ಎಂದು ಕಾರಣ ಕೇಳಿ ನೋಟಿಸ್ ಕೊಟ್ಟಿದ್ದೀರಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರ ವಿಚಾರಣೆ. ಒಬ್ಬ ಹೆಂಗಸು ಸತ್ತ ಪ್ರಕರಣದಲ್ಲಿ ನಿಮಗೆ ಸಿಕ್ಕ ಒಬ್ಬರೇ ಅಪರಾಧಿ, ಅವಳನ್ನು ಬದುಕಿಸಲು ಅವಸರಪಟ್ಟವರು. ಉಳಿದವರೆಲ್ಲ ನಿಯಮದ ಪ್ರಕಾರವೇ ನಡೆದುಕೊಂಡಿದ್ದಾರೆ ಎಂದು ಬರೆದಿದ್ದೀರಿ. ಅದು ನಿಜ. ನಿಯಮದ ಪ್ರಕಾರ ನಡೆದುಕೊಂಡವರಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ನಿಮ್ಮದು. ಈ ಪತ್ರವನ್ನು ನಿಮಗಷ್ಟೇ ಕಳಿಸದೆ ಪತ್ರಿಕೆಗೂ ಏಕೆ ಕೊಟ್ಟೆ ಎಂದು ನೀವು ಕೇಳಬಹುದು. ಮುಚ್ಚಿದ ಲಕೋಟೆಗಳು ನಿಮ್ಮ ಕಚೇರಿಯಲ್ಲಿ ಯಾವ ಡ್ರಾಯರಿಗೆ ಹೋಗುತ್ತವೆ ಎಂದು ನನಗೆ ಗೊತ್ತು. ಆ ಡ್ರಾಯರನ್ನು ತರಿಸಿದವನೂ ನಾನೇ.

ಓದುಗರಿಗೆ ನನ್ನ ಪರಿಚಯ ಇಲ್ಲದಿರುವುದರಿಂದ ಹೇಳುತ್ತೇನೆ. ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೇಳು ವರ್ಷ ನಾನು ಸ್ಟೋರ್‌ಕೀಪರ್ ಆಗಿದ್ದೆ. ಹತ್ತಿ, ಸೂಜಿ, ಗಾಲಿಕುರ್ಚಿ, ಹಾಸಿಗೆಯ ಹೊದಿಕೆ, ಶವಾಗಾರದ ಬಲ್ಬು, ಎಲ್ಲವೂ ನನ್ನ ರಿಜಿಸ್ಟರನ್ನು ದಾಟಿಯೇ ಮೇಲೆ ಹೋಗಬೇಕಿತ್ತು. ನಿವೃತ್ತನಾಗಿ ನಾಲ್ಕು ವರ್ಷವಾಯಿತು. ನರ್ಸುಗಳು ಈಗಲೂ ನನ್ನನ್ನು 'ಸ್ಟೋರ್ ಸಾರ್' ಎಂದೇ ಕರೆಯುತ್ತಾರೆ. ನನ್ನ ಕಾಲದಲ್ಲಿ ಒಂದು ಕತ್ತರಿ ಕೂಡ ಕಾಣೆಯಾಗಲಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದವನು. ಮನೆಯಲ್ಲಿ ಅಕ್ಕ ಇದನ್ನು ಕೇಳಿ ಕೇಳಿ ಸಾಕಾಗಿ ನನಗೆ 'ಬೀಗಪ್ಪ' ಎಂದು ಹೆಸರಿಟ್ಟಿದ್ದಳು. "ನಮ್ಮ ಬೀಗಪ್ಪ ಸಕ್ಕರೆ ಡಬ್ಬಕ್ಕೂ ಒಂದು ರಿಜಿಸ್ಟರ್ ಇಡ್ತಾನೆ ಕಣ್ರೀ" ಎಂದು ಪಕ್ಕದ ಮನೆಯವರ ಮುಂದೆ ನನ್ನ ಮಾನ ಕಳೆಯುತ್ತಿದ್ದಳು. ನಾನು ಸಿಟ್ಟು ಮಾಡಿಕೊಂಡಂತೆ ನಟಿಸುತ್ತಿದ್ದೆ.

ಈಗ ಆ ಯಂತ್ರದ ವಿಷಯ. ವಿಚಾರಣಾ ಸಮಿತಿಯ ಐವರಲ್ಲಿ ಮೂವರು ವೈದ್ಯರಲ್ಲವಾದ್ದರಿಂದ ಬಿಡಿಸಿ ಹೇಳುವುದು ಒಳ್ಳೆಯದು. ಅಪಘಾತದಲ್ಲಿ ಪೆಟ್ಟು ತಿಂದವರನ್ನು ಕರೆತಂದಾಗ, ಹೊರಗೆ ಒಂದು ತೊಟ್ಟು ರಕ್ತ ಕಾಣದಿದ್ದರೂ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಅದನ್ನು ಮುಟ್ಟಿ ನೋಡಿ ತಿಳಿಯುವುದು ಕಷ್ಟ. ಅದಕ್ಕಾಗಿ ಚಕ್ರದ ಸ್ಟ್ಯಾಂಡಿನ ಮೇಲೆ ಕೂರುವ ಒಂದು ಪುಟ್ಟ ಅಲ್ಟ್ರಾಸೌಂಡ್ ಯಂತ್ರ ಇದೆ. ಗರ್ಭಿಣಿಯರಿಗೆ ಮಗುವನ್ನು ತೋರಿಸುವ ಯಂತ್ರದ ತಮ್ಮ ಅನ್ನಿ. ರೋಗಿ ಮಲಗಿದ ಮಂಚದ ಪಕ್ಕಕ್ಕೇ ಅದನ್ನು ತಳ್ಳಿಕೊಂಡು ಬಂದು, ಚರ್ಮದ ಮೇಲೆ ಸ್ವಲ್ಪ ಜೆಲ್ ಹಚ್ಚಿ, ನಾಲ್ಕು ಕಡೆ ಒತ್ತಿ ನೋಡುತ್ತಾರೆ: ಬಲಗಡೆ ಯಕೃತ್ತು ಮತ್ತು ಮೂತ್ರಪಿಂಡದ ನಡುವೆ, ಎಡಗಡೆ ಪಕ್ಕೆಯ ಕೆಳಗಿನ ಗುಲ್ಮದ (ಸ್ಪ್ಲೀನ್) ಸುತ್ತ, ಹೃದಯದ ಸುತ್ತ, ಕೆಳಗೆ ಮೂತ್ರಕೋಶದ ಹಿಂದೆ. ಸೋರಿದ ರಕ್ತ ನಿಂತಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಕಲಿತ ಕೈಗೆ ಎರಡು ಮೂರು ನಿಮಿಷದ ಕೆಲಸ. ಯಂತ್ರ ದೇವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಣ್ಣ ಗಾಯಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಮೊದಲ ಸಲ ಏನೂ ಕಾಣದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ಕಲಿಯದವರ ಕೈಯಲ್ಲಿ ಅದು ದಾರಿ ತಪ್ಪಿಸುವುದೂ ಉಂಟು. ಆದರೆ ರಕ್ತದೊತ್ತಡ ಕುಸಿಯುತ್ತಿರುವ ರೋಗಿಯನ್ನು ದೊಡ್ಡ ಸ್ಕ್ಯಾನಿಗೆಂದು ಇನ್ನೊಂದು ಕಟ್ಟಡಕ್ಕೆ ತಳ್ಳಿಕೊಂಡು ಹೋಗದೆ, ಇದ್ದಲ್ಲೇ ಒಂದು ಮುಖ್ಯ ಪ್ರಶ್ನೆಗೆ ಉತ್ತರ ಪಡೆಯಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಇದನ್ನೆಲ್ಲ ನಾನು ಕಲಿತದ್ದು ಕಳೆದ ಎರಡು ತಿಂಗಳಲ್ಲಿ. ಆ ಯಂತ್ರವನ್ನು ಸ್ವೀಕರಿಸಿ, ನಂಬರ್ ಬರೆದು, ಒಳಗಿಟ್ಟಾಗ ನನಗೆ ಗೊತ್ತಿದ್ದದ್ದು ಅದರ ತೂಕ ಮಾತ್ರ.

ಒಂಬತ್ತು ವರ್ಷದ ಹಿಂದೆ ಅದು ಬಂದ ಹೊಸತರಲ್ಲಿ ಅಪಘಾತ ವಿಭಾಗದಲ್ಲೇ, ಮಂಚಗಳ ನಡುವೆಯೇ ಇತ್ತು. ಮೂರನೇ ತಿಂಗಳಲ್ಲಿ ಯಾರದೋ ಕೈಜಾರಿ, ಮೈಮೇಲೆ ಇಡುವ ಅದರ ಹಿಡಿಕೆ ನೆಲಕ್ಕೆ ಬಿದ್ದು ಸೀಳಿಹೋಯಿತು. ತಪಾಸಣೆಗೆ ಬಂದವರು ಆಕ್ಷೇಪ ಬರೆದರು. ಆಗಷ್ಟೇ ಕುರ್ಚಿಗೆ ಬಂದಿದ್ದ ನೀವು ನನ್ನನ್ನು ಕರೆಸಿ, "ಇನ್ನು ಮುಂದೆ ಇದರ ಮೇಲೊಂದು ಗೀರೂ ಬೀಳಬಾರದು, ಅಂಥಾ ಒಂದು ನಿಯಮ ಮಾಡಿಕೊಂಡು ಬನ್ನಿ" ಎಂದಿರಿ. ಎರಡು ದಿನ ಕೂತು ಬರೆದೆ. ಯಂತ್ರ ಕಪಾಟಿನಲ್ಲಿರತಕ್ಕದ್ದು. ಕೀಲಿ ಸ್ಕ್ಯಾನಿಂಗ್ ವಿಭಾಗದ ಮುಖ್ಯಸ್ಥರ ಬಳಿ ಇರತಕ್ಕದ್ದು. ನಮೂನೆ ಹದಿನಾಲ್ಕನ್ನು ಭರ್ತಿ ಮಾಡಿ, ಮುಖ್ಯಸ್ಥರ ಸಹಿ ಪಡೆದು, ಅದರ ಮೇಲೆ ಆಡಳಿತಾಧಿಕಾರಿಗಳ ಮೇಲುಸಹಿ ಪಡೆದ ನಂತರವೇ ಹೊರತೆಗೆಯತಕ್ಕದ್ದು. ತಪಾಸಣೆಯವರು ಬಂದಾಗ ಬಾಗಿಲು ತೆರೆಯುವ ತೊಂದರೆ ಬೇಡವೆಂದು ಕಪಾಟಿನ ಬಾಗಿಲಿಗೆ ಗಾಜಿನ ಕಿಟಕಿ ಕೂರಿಸಿದ್ದೂ ನನ್ನ ಬುದ್ಧಿಯೇ. ಹೊರಗಿನಿಂದಲೇ ಎಣಿಸಿಕೊಳ್ಳಬಹುದಿತ್ತು. ನೀವು ಮೆಚ್ಚಿ ಒಂದು ಪತ್ರ ಕೊಟ್ಟಿರಿ, ನಾನು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಒಂಬತ್ತು ವರ್ಷದಲ್ಲಿ ಯಂತ್ರದ ಮೇಲೆ ಒಂದು ಗೀರೂ ಬೀಳಲಿಲ್ಲ. ಎಷ್ಟು ಸಲ ಹೊರಬಂತು ಎಂದು ನೀವೂ ಕೇಳಲಿಲ್ಲ, ನಾನೂ ನೋಡಲಿಲ್ಲ. ಅದಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಅಕ್ಕ ಕನ್ನಡಕದ ಕಾಲು ಸರಿಮಾಡಿಸಲು ಹೋಗಿದ್ದಳು. ಅಂಗಡಿಯ ಮುಂದೆ ಬಸ್ಸಿಳಿದು ರಸ್ತೆ ದಾಟುವಾಗ ಇಳಿಜಾರಿನಲ್ಲಿ ಬಂದ ಸೈಕಲ್ಲಿನ ಹ್ಯಾಂಡಲ್ ಎಡ ಪಕ್ಕೆಯ ಕೆಳಗೆ ಗುದ್ದಿತು. ಬಿದ್ದವಳು ತಾನೇ ಎದ್ದು, ಸೈಕಲ್ಲಿನವನಿಗೆ ಬ್ರೇಕಿನ ಮಹತ್ವದ ಬಗ್ಗೆ ಐದು ನಿಮಿಷ ಪಾಠ ಮಾಡಿ, ಆಮೇಲೆ ಫುಟ್‌ಪಾತಿನ ಮೇಲೆ ಕೂತುಬಿಟ್ಟಳಂತೆ. ಕನ್ನಡಕದ ಅಂಗಡಿಯವರು ಟ್ಯಾಕ್ಸಿ ಹತ್ತಿಸಿ ಕರೆತಂದರು, ನನಗೆ ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ ಅವಳು ಅಪಘಾತ ವಿಭಾಗದ ಎರಡನೇ ಮಂಚದಲ್ಲಿ ಮಲಗಿ ಹಿರಿಯ ನರ್ಸಿಗೆ ತನ್ನ ಚರಿತ್ರೆ ಒಪ್ಪಿಸುತ್ತಿದ್ದಳು. ಅಕ್ಕ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಮಾತು ಅವಳ ಕಸುಬಾಗಿತ್ತು, ನಿವೃತ್ತಿಯ ನಂತರ ಹವ್ಯಾಸವಾಯಿತು. ಅವಳಿಗೂ ಮದುವೆಯಾಗಲಿಲ್ಲ, ನನಗೂ ಆಗಲಿಲ್ಲ. ಯಾಕೆ ಎಂದು ಕೇಳುವವರೆಲ್ಲ ತೀರಿಹೋಗಿ ಬಹಳ ಕಾಲವಾಗಿತ್ತು. ನಾವಿಬ್ಬರೇ ಎರಡು ಕೋಣೆಯ ಮನೆಯಲ್ಲಿ, ಅವಳು ಮಾತಾಡುತ್ತ, ನಾನು ಹೂಂಗುಟ್ಟುತ್ತ, ಸುಖವಾಗಿಯೇ ಇದ್ದೆವು.

ಅವಳು ಅಷ್ಟು ಮಾತಾಡುತ್ತಿದ್ದದ್ದೇ ಎಲ್ಲರಿಗೂ ಧೈರ್ಯ ಕೊಟ್ಟಿತು. ವಾರ್ಡಿನ ಸಹಾಯಕ ನನ್ನ ಕಡೆ ನೋಡಿ, "ಇಷ್ಟು ಮಾತಾಡ್ತಿದಾರಲ್ಲ, ಏನೂ ಆಗಿಲ್ಲ ಬಿಡಿ ಸಾರ್" ಎಂದ. ಮಾತಿಗೆ ಮರುಳಾಗದಿದ್ದವರು ಆ ವೈದ್ಯೆ ಒಬ್ಬರೇ. ಮೂವತ್ತರ ಆಸುಪಾಸಿನವರು, ನಿಮ್ಮಲ್ಲಿಗೆ ಬಂದು ಐದು ತಿಂಗಳಾಗಿತ್ತಷ್ಟೆ. ನಾಡಿ ನೋಡಿದರು, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರು. ಅದು ಏರುತ್ತಿತ್ತು.

"ಎಲ್ಲಿ ನೋಯ್ತಿದೆ ಅಮ್ಮ?" ಎಂದು ಕೇಳಿದರು.

"ಪಕ್ಕೆ ನೋಯ್ತಿದೆ, ಅದು ಸರಿ. ಈ ಎಡ ಭುಜ ಯಾಕೆ ನೋಯ್ತಿದೆಯೋ ಗೊತ್ತಾಗ್ತಿಲ್ಲ ಕಣಮ್ಮ. ಅಲ್ಲಿಗೆ ಏಟೇ ಬಿದ್ದಿಲ್ಲ."

ವೈದ್ಯೆಯ ಮುಖ ಬದಲಾದದ್ದನ್ನು ನಾನು ನೋಡಿದೆ. ಗುಲ್ಮ ಒಡೆದು ರಕ್ತ ಮೇಲಕ್ಕೆ ಹರಿದು ಎದೆಗೂ ಹೊಟ್ಟೆಗೂ ನಡುವಿನ ಪೊರೆಯನ್ನು ಕೆಣಕಿದರೆ, ಏಟು ಬೀಳದ ಎಡ ಭುಜ ನೋಯುತ್ತದಂತೆ. ಇದನ್ನೂ ನಾನು ಆಮೇಲೆ ಓದಿ ತಿಳಿದದ್ದು. ಅವರು ರಕ್ತ ತರಿಸಲು ಹೇಳಿದರು, ಎರಡೂ ಕೈಗೆ ಸೂಜಿ ಹಾಕಿಸಿದರು, ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿದರು. ಶಸ್ತ್ರಚಿಕಿತ್ಸಕರು ಆ ಕಡೆಯಿಂದ ಕೇಳಿದ್ದು ಒಂದೇ ಪ್ರಶ್ನೆ: ಹೊಟ್ಟೆಯಲ್ಲಿ ರಕ್ತ ಇದೆಯೋ ಇಲ್ಲವೋ? ಇದ್ದರೆ ಈಗಲೇ ಥಿಯೇಟರ್ ತೆರೆಸುತ್ತೇನೆ, ಗೊತ್ತಿಲ್ಲದಿದ್ದರೆ ದೊಡ್ಡ ಸ್ಕ್ಯಾನಿಗೆ ಕಳಿಸಿ. ಆ ಕಟ್ಟಡ ಅಂಗಳದಾಚೆ, ಅಲ್ಲಿ ಮೊದಲೇ ನಾಲ್ವರು ಕಾದಿದ್ದರು. ವೈದ್ಯೆ ಫೋನ್ ಇಟ್ಟು ನರ್ಸನ್ನು ಕೇಳಿದರು.

"ಪೋರ್ಟಬಲ್ ಅಲ್ಟ್ರಾಸೌಂಡ್ ಎಲ್ಲಿ ಸಿಸ್ಟರ್?"

"ಅಗೋ ಅಲ್ಲಿ, ಕಪಾಟಿನಲ್ಲಿದೆ ಮೇಡಂ. ಕೀ ಸ್ಕ್ಯಾನಿಂಗ್‌ನವರ ಹತ್ರ. ಫಾರಂ ಹದಿನಾಲ್ಕು ತುಂಬಿ, ಎರಡು ಸಹಿ ಆಗಬೇಕು."

"ನಾನಿದ್ದ ಆಸ್ಪತ್ರೇಲಿ ಅದು ಮಂಚದ ಪಕ್ಕದಲ್ಲೇ ಇರ್ತಿತ್ತು. ಯಾರು ಮಾಡಿದ್ದು ಈ ರೂಲ್ಸು?"

ನರ್ಸ್ ನನ್ನ ಮುಖ ನೋಡಿದರು. ಪುಣ್ಯಾತ್ಗಿತ್ತಿ ನನ್ನನ್ನು ಬಿಟ್ಟುಕೊಡಲಿಲ್ಲ. ಗಂಟೆ ಆಗ ಹನ್ನೆರಡು ಹತ್ತು.

ಎರಡನೇ ಮಂಚದಿಂದ ಆ ಕಪಾಟಿಗೆ ಹದಿನಾಲ್ಕು ಹೆಜ್ಜೆ. ಗಾಜಿನೊಳಗಿಂದ ಯಂತ್ರ ಕಾಣುತ್ತಿತ್ತು, ನಾನೇ ಹೊಲಿಸಿಕೊಟ್ಟ ಹೊದಿಕೆಯ ಸಮೇತ. ವೈದ್ಯೆ ಹೋಗಿ ಬಾಗಿಲನ್ನು ಎಳೆದು ನೋಡಿದರು. ಆಮ್ಲಜನಕದ ಸಿಲಿಂಡರ್ ತಿರುಗಿಸುವ ಕಬ್ಬಿಣದ ಸ್ಪ್ಯಾನರ್ ಅಲ್ಲೇ ನೇತಾಡುತ್ತಿತ್ತು. ಅದನ್ನು ತೆಗೆದುಕೊಂಡು ಬೀಗದ ಮೇಲೆ ಒಂದು ಏಟು ಹಾಕಿದರು. ಬಾಗಿಲಿನ ಬಣ್ಣ ಕೆತ್ತಿಬಂತು. ನಿಮ್ಮ ವರದಿಯಲ್ಲಿ ಎರಡು ಅಂಗುಲದ ಗೀರು ಎಂದು ಅಳೆದು ಬರೆದಿರುವುದು ಅದನ್ನೇ. ಎರಡನೇ ಏಟಿಗೆ ಕೈಯೆತ್ತಿದಾಗ ನಾನು ಓಡಿಹೋಗಿ ಅವರ ಮಣಿಕಟ್ಟು ಹಿಡಿದುಕೊಂಡೆ.

ಮಾನ್ಯರೇ, ಈ ಸಾಲನ್ನು ನಿಧಾನವಾಗಿ ಓದಿ. ಸಾಯುತ್ತಿರುವ ಅಕ್ಕನಿಗೂ ಅವಳಿಗೆ ಬೇಕಾದ ಯಂತ್ರಕ್ಕೂ ನಡುವೆ ಇದ್ದ ಬೀಗವನ್ನು ತಮ್ಮ ಕಾಪಾಡಿದ. ಯಾಕೆ ಎಂದು ನೀವು ಕೇಳುವುದಿಲ್ಲ, ಏಕೆಂದರೆ ನಿಮಗೆ ಅದು ಸಹಜವಾಗಿ ಕಂಡಿದೆ. ನನ್ನನ್ನು ನಾನು ಎರಡು ತಿಂಗಳಿಂದ ಕೇಳಿಕೊಳ್ಳುತ್ತಿದ್ದೇನೆ. ಬೀಗ ಒಡೆದರೆ ಯಾರೋ ಬಯ್ಯುತ್ತಾರೆ ಎಂಬ ಭಯವೇ? ನನಗೆ ಬಯ್ಯಲು ಈಗ ಯಾರಿದ್ದಾರೆ? ನಿವೃತ್ತನಾದವನನ್ನು ಯಾರು ಏನು ಮಾಡಲಾದೀತು? ಅಕ್ಕನ ಮೇಲೆ ಪ್ರೀತಿ ಇರಲಿಲ್ಲವೇ? ಅವಳ ಹೊರತು ಈ ಲೋಕದಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ. ಆದರೂ ಕೈ ತಾನಾಗಿ ಮುಂದೆ ಹೋಯಿತು. ಇಪ್ಪತ್ತೇಳು ವರ್ಷ ಅದಕ್ಕೆ ನಾನು ಕಲಿಸಿದ್ದು ಅಷ್ಟೇ. "ಬೇಡ ಮೇಡಂ, ಕಪಾಟು ಹಾಳಾಗುತ್ತೆ. ನಾನು ಇಲ್ಲೇ ಕೆಲಸ ಮಾಡಿದವನು, ಐದು ನಿಮಿಷದಲ್ಲಿ ಸಹಿ ತಂದುಕೊಡ್ತೀನಿ" ಎಂದೆ. ವೈದ್ಯೆ ನರ್ಸಿನ ಕಡೆ ನೋಡಿದರು. "ಸ್ಟೋರ್ ಸಾರ್ ಹೋದ್ರೆ ಆಗೇ ಆಗುತ್ತೆ ಮೇಡಂ" ಎಂದರು ನರ್ಸ್, ನನ್ನ ಮೇಲಿನ ಗೌರವದಿಂದ. ಸ್ಪ್ಯಾನರ್ ಕೆಳಗಿಳಿಯಿತು.

ಮೇಜಿನ ಮೇಲೆ ನಮೂನೆ ಇಟ್ಟುಕೊಂಡು ಭರ್ತಿ ಮಾಡಿದೆ. ಯಂತ್ರದ ಕ್ರಮಸಂಖ್ಯೆ ನನಗೆ ಬಾಯಿಪಾಠ. ಅಕ್ಕ ಮಂಚದಿಂದಲೇ ನೋಡುತ್ತಿದ್ದಳು. "ಏನೋ ಬೀಗಪ್ಪ, ಅಕ್ಷರ ದುಂಡಗೆ ಬರೀತಿದ್ಯಾ?" ಎಂದಳು. ದನಿ ಸ್ವಲ್ಪ ತೆಳ್ಳಗಾಗಿತ್ತು. ಹತ್ತಿರ ಹೋಗಿ, ಐದು ನಿಮಿಷದಲ್ಲಿ ಬರುತ್ತೇನೆ ಎಂದೆ. "ಹೋಗ್ಬಾ. ನಾನೆಲ್ಲಿ ಹೋಗ್ತೀನಿ" ಎಂದಳು. ನಮ್ಮಿಬ್ಬರ ನಡುವಿನ ಕೊನೆಯ ಮಾತು ಅದು.

ಸ್ಕ್ಯಾನಿಂಗ್ ವಿಭಾಗದ ಮುಖ್ಯಸ್ಥರು ಎರಡನೇ ಮಹಡಿಯ ಅವರ ಕೋಣೆಯಲ್ಲಿ ಇರಲಿಲ್ಲ. ಆಡಳಿತ ಕಟ್ಟಡದಲ್ಲಿ ಗುಣಮಟ್ಟದ ಪ್ರಮಾಣಪತ್ರಕ್ಕಾಗಿ ನಡೆಯುತ್ತಿದ್ದ ಸಭೆಯಲ್ಲಿದ್ದಾರೆ ಎಂದರು. ಲಿಫ್ಟಿನಲ್ಲಿ ಊಟದ ಗಾಡಿ ಸಿಕ್ಕಿಕೊಂಡಿತ್ತು, ಮೆಟ್ಟಿಲಿಳಿದೆ. ಅಂಗಳ ದಾಟಿದೆ. ಸಭೆಯ ಬಾಗಿಲಿನ ಹೊರಗೆ ನನ್ನನ್ನು ಕೂರಿಸಿದರು. ಒಳಗೆ ಯಾರೋ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸುತ್ತಿದ್ದರು, ಮುಗಿಯಲಿ ಅಂದರು. ಅಲ್ಲಿ ನಾನು ಗಡಿಯಾರ ನೋಡುತ್ತ ಹನ್ನೊಂದು ನಿಮಿಷ ಕೂತಿದ್ದೆ. ಬಾಗಿಲು ತಳ್ಳಿಕೊಂಡು ಒಳನುಗ್ಗಲು ನನ್ನನ್ನು ಯಾರೂ ಹಿಡಿದಿರಲಿಲ್ಲ. ಸಭೆಯ ಮಧ್ಯೆ ಹೋಗಬಾರದು ಎಂಬುದು ನನಗೆ ಗೊತ್ತಿತ್ತು, ಅಷ್ಟೇ. ಮುಖ್ಯಸ್ಥರು ಹೊರಬಂದು, ಪಾಪ, ಓದದೆಯೇ ಸಹಿ ಹಾಕಿ ಕೀಲಿ ಕೊಟ್ಟರು. ಮೇಲುಸಹಿ ನಿಮ್ಮದು ಬಾಕಿ ಇತ್ತು. ಕೀಲಿ ಕೈಯಲ್ಲಿತ್ತು ಮಾನ್ಯರೇ. ಕೀಲಿ ಕೈಯಲ್ಲಿದ್ದೂ ನಾನು ಓಡಲಿಲ್ಲ, ಸಭೆ ಮುಗಿದ ಕೋಣೆಯೊಳಗೆ ನಿಮ್ಮ ಕುರ್ಚಿಯ ಪಕ್ಕ ಬಂದು ನಿಂತೆ. ನಿಮಗೆ ನೆನಪಿದೆಯೋ ಇಲ್ಲವೋ. ನೀವು ತಲೆಯೆತ್ತದೆ ಕಾಗದವನ್ನು ಮೇಲಿಂದ ಕೆಳಕ್ಕೆ ನೋಡಿ, ಪೆನ್ನಿನ ತುದಿಯನ್ನು ಒಂದು ಕಡೆ ಇಟ್ಟು, "ಕಾಲಂ ಏಳು ಖಾಲಿ ಬಿಟ್ಟಿದೀರಲ್ಲ" ಎಂದಿರಿ. ಬಳಕೆಗೆ ಬೇಕಾಗುವ ಅಂದಾಜು ಸಮಯ. ನಿಮ್ಮದೇ ಪೆನ್ನು ಇಸಿದುಕೊಂಡು ಬರೆದೆ: ಎರಡು ನಿಮಿಷ. ಆಮೇಲೆ ನೀವು ಸಹಿ ಹಾಕಿದಿರಿ.

ನಾನು ಮರಳಿದಾಗ ಹನ್ನೆರಡು ನಲವತ್ತೆಂಟು. ಅಕ್ಕ ಮಾತು ನಿಲ್ಲಿಸಿದ್ದಳು. ಹನ್ನೆರಡೂವರೆಯ ಸುಮಾರಿಗೆ ಅವಳ ರಕ್ತದೊತ್ತಡ ಕುಸಿದಿತ್ತು, ಆಮೇಲೆ ವೈದ್ಯೆಯ ಎರಡೂ ಕೈ ಅವಳ ಮೇಲೆಯೇ ಇದ್ದವು, ಬೀಗದ ಕಡೆ ಹೋಗಲು ಆಗಿರಲಿಲ್ಲ. ನಾನೇ ಕಪಾಟು ತೆರೆದೆ. ಆ ಬೀಗದ ಸ್ವಭಾವ ನನ್ನ ಕೈಗೆ ಗೊತ್ತು. ಯಂತ್ರ ಹದಿನಾಲ್ಕು ಹೆಜ್ಜೆ ಉರುಳಿ ಬಂತು. ವೈದ್ಯೆ ಎಡ ಪಕ್ಕೆಗೆ ಹಿಡಿಕೆ ಒತ್ತಿದರು, ಪರದೆಯ ಮೇಲೆ ಅಗಲವಾದ ಕಪ್ಪು ಪಟ್ಟಿ ಮೂಡಿತು. ನನ್ನಂಥ ಮಂಕನಿಗೂ ಕಂಡಿತು. ಫೋನಿನಲ್ಲಿ "ಇದೆ ಸಾರ್, ತುಂಬಾ ಇದೆ" ಎಂದರು. ಹದಿಮೂರು ನಿಮಿಷದಲ್ಲಿ ಅಕ್ಕ ಥಿಯೇಟರಿನಲ್ಲಿದ್ದಳು, ಅಂದರೆ ಮನಸ್ಸು ಮಾಡಿದರೆ ನಿಮ್ಮ ಆಸ್ಪತ್ರೆ ಎಷ್ಟು ಬೇಗ ನಡೆಯಬಲ್ಲದು ಎಂದು ನೋಡಿ. ಒಂದು ನಲವತ್ತಕ್ಕೆ ಶಸ್ತ್ರಚಿಕಿತ್ಸಕರು ಹೊರಬಂದು ಟೋಪಿ ತೆಗೆದರು.

ವರದಿಯ ಒಂಬತ್ತನೇ ಪ್ಯಾರಾ ಹೇಳುತ್ತದೆ: "ಘಟನೆಯ ದಿನ ಸದರಿ ಉಪಕರಣವು ಲಭ್ಯವಿದ್ದು, ಸುಸ್ಥಿತಿಯಲ್ಲಿತ್ತು." ಲಭ್ಯ ಎಂದರೆ ಏನು ಎಂದು ನೀವು ಎಲ್ಲಿ ಕಲಿತಿರಿ? ಗಾಜಿನಾಚೆ ಕಾಣುವುದಕ್ಕೆಲ್ಲ ಲಭ್ಯ ಎನ್ನುವುದಾದರೆ ಬಟ್ಟೆಯಂಗಡಿಯ ಮುಂದೆ ನಿಂತವರೆಲ್ಲ ಉಟ್ಟುಕೊಂಡವರೇ ಆಗುತ್ತಾರೆ. ಮೂವತ್ತೆಂಟು ನಿಮಿಷ ಅದು ಲಭ್ಯವಿರಲಿಲ್ಲ. ಆ ಮೂವತ್ತೆಂಟು ನಿಮಿಷ ನಿಮ್ಮ ವರದಿಯ ಹತ್ತೊಂಬತ್ತು ಪುಟಗಳಲ್ಲಿ ಎಲ್ಲೂ ಇಲ್ಲ. 'ಅಗತ್ಯ ಅನುಮತಿ ಪಡೆದ ನಂತರ' ಎಂಬ ನಾಲ್ಕು ಪದದೊಳಗೆ ಅದನ್ನು ಮಡಚಿ ಇಟ್ಟಿದ್ದೀರಿ. ಮೊದಲೇ ನೋಡಿದ್ದರೆ ಅಕ್ಕ ಖಂಡಿತ ಬದುಕುತ್ತಿದ್ದಳೇ? ಯಾರೂ ಹಾಗೆ ಹೇಳಲಾರರು, ನಾನೂ ಹೇಳುವುದಿಲ್ಲ. ಅವಳಿಗೆ ಎಪ್ಪತ್ತಾಗಿತ್ತು, ಗಾಯ ದೊಡ್ಡದಿತ್ತು. ಆದರೆ ಹನ್ನೆರಡು ಹತ್ತಕ್ಕೆ ಅವಳು ನನ್ನ ಅಕ್ಷರದ ಬಗ್ಗೆ ತಮಾಷೆ ಮಾಡುವಷ್ಟು ಬದುಕಿದ್ದಳು. ಅಷ್ಟು ಬದುಕಿದ್ದವಳನ್ನು ಥಿಯೇಟರಿಗೆ ಒಯ್ಯುವುದಕ್ಕೂ, ಮಾತು ನಿಂತವಳನ್ನು ಒಯ್ಯುವುದಕ್ಕೂ ವ್ಯತ್ಯಾಸವಿಲ್ಲ ಎಂದು ನಿಮ್ಮ ಸಮಿತಿಯ ವೈದ್ಯರಲ್ಲಿ ಒಬ್ಬರಾದರೂ ಸಹಿ ಹಾಕಿ ಬರೆದುಕೊಡಲಿ.

ಮನೆಯ ವಿಷಯ ಬರೆಯಬಾರದು ಎಂದುಕೊಂಡಿದ್ದೆ. ಆಡಳಿತಾಧಿಕಾರಿಗಳಿಗೆ ಅದು ಸಂಬಂಧಿಸಿದ್ದಲ್ಲ. ಆದರೂ ಬರೆಯುತ್ತೇನೆ, ಬೇರೆ ಯಾರಿಗೆ ಹೇಳಲಿ? ಮನೆ ಬಹಳ ಸದ್ದಿಲ್ಲದೆ ಇದೆ. ಅಕ್ಕ ಒಲೆಯ ಹತ್ತಿರ ಮಾತಾಡುತ್ತಿದ್ದಳು, ಬಟ್ಟೆ ಒಣಹಾಕುವಾಗ ಮಾತಾಡುತ್ತಿದ್ದಳು, ತಪ್ಪು ನಂಬರಿಗೆ ಫೋನ್ ಬಂದರೆ ಅವರ ಊರು, ಮನೆತನ, ಮೊಣಕಾಲು ನೋವು ಎಲ್ಲ ವಿಚಾರಿಸಿಯೇ ಇಡುತ್ತಿದ್ದಳು. "ಸಾಕು ಮಾರಾಯ್ತಿ, ಸ್ವಲ್ಪ ಸುಮ್ಮನಿರು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದವನು ನಾನು. ಹೋದ ವಾರ ಒಂದು ತಪ್ಪು ನಂಬರ್ ಬಂತು. ಯಾರೋ ಗ್ಯಾಸಿನ ಅಂಗಡಿಯನ್ನು ಹುಡುಕುತ್ತಿದ್ದರು. ಇದಲ್ಲ ಎಂದೆ. ಇಡುತ್ತಾರೆಂದು ಗೊತ್ತಾಗಿ, "ಇರಲಿ, ನೀವು ಯಾವ ಕಡೆಯವರು?" ಎಂದು ಕೇಳಿದೆ. ಆ ಕಡೆಯವರು ಫೋನ್ ಇಟ್ಟರು. ನನಗೆ ಅವಳ ಹಾಗೆ ಮಾತಾಡಲು ಬರುವುದಿಲ್ಲ. ಎರಡು ಲೋಟ ತೊಳೆಯುವುದನ್ನು ನಿಲ್ಲಿಸಿದ್ದೇನೆ, ಒಂದೇ ಲೋಟವನ್ನು ದಿನವಿಡೀ ತೊಳೆಯುತ್ತೇನೆ. ಒಂಟಿತನ ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಹೆದರಿಕೆಯಾಗುತ್ತದೆ.

ಸಮಾಧಾನ ಹೇಳಲು ಬಂದವರಿಗೆ ಕಡಿಮೆಯಿಲ್ಲ. ಮೇಲಿನ ಮನೆಯವರು, "ಪಾಪ, ನೀವು ಎಷ್ಟು ಓಡಾಡಿದ್ರಿ" ಎಂದರು. ಹಳೆಯ ಸಹೋದ್ಯೋಗಿಗಳು ಬಂದು, ನಾನಲ್ಲದೆ ಬೇರೆಯವರಾಗಿದ್ದರೆ ಆ ಸಹಿ ಸಂಜೆಯವರೆಗೂ ಆಗುತ್ತಿರಲಿಲ್ಲ ಎಂದು ಹೊಗಳಿದರು. ಅವರಿಗೆ ನಾನು ಮಣಿಕಟ್ಟು ಹಿಡಿದದ್ದನ್ನು ಹೇಳಿದೆ. "ಮತ್ತೇನು ಮಾಡೋಕಾಗುತ್ತೆ, ಒಡೆದು ಹಾಕೋಕಾಗುತ್ತಾ" ಎಂದರು. ಹಿರಿಯ ನರ್ಸ್ ಅತ್ತುಬಿಟ್ಟು, "ನಿಮ್ಮ ತಪ್ಪೇನಿದೆ ಸಾರ್" ಎಂದರು. ಕೊನೆಗೆ ನಿಮ್ಮ ವರದಿ ಬಂತು, ಅದೂ ನನಗೆ ಸಮಯಪ್ರಜ್ಞೆಯ ಪ್ರಶಸ್ತಿ ಕೊಟ್ಟಿತು. ನನ್ನ ತಪ್ಪನ್ನು ತಪ್ಪು ಎನ್ನಲು ಇಷ್ಟು ದೊಡ್ಡ ಊರಿನಲ್ಲಿ ಒಬ್ಬರೂ ತಯಾರಿಲ್ಲ.

ಒಬ್ಬರನ್ನು ಬಿಟ್ಟು. ನೋಟಿಸ್ ತಲುಪಿದ ಮೂರನೇ ದಿನ ಆ ವೈದ್ಯೆ ನನ್ನ ಮನೆಗೆ ಬಂದಿದ್ದರು. ಸಾಕ್ಷಿ ಹೇಳಿ ಎಂದು ಕೇಳಲು ಬಂದಿರಬೇಕು ಎಂದುಕೊಂಡೆ. ನೋಟಿಸಿನ ಸುದ್ದಿಯನ್ನೇ ಎತ್ತಲಿಲ್ಲ, ಅದು ನನಗೆ ಗೊತ್ತಾದದ್ದು ಆಮೇಲೆ, ನಿಮ್ಮ ವರದಿಯಿಂದ. ಅಕ್ಕನ ಕುರ್ಚಿಯಲ್ಲಿ ಕೂತರು. ನಾನು ಆ ನಿಯಮ ಬರೆದವನು ನಾನೇ ಎಂದು ಹೇಳಿದೆ. ಗೊತ್ತು ಎಂದರು, ನಮೂನೆಯ ಕೆಳಗೆ ಚಿಕ್ಕ ಅಕ್ಷರದಲ್ಲಿ ನನ್ನ ಹುದ್ದೆ ಅಚ್ಚಾಗಿದೆಯಲ್ಲ. ಆಮೇಲೆ ನನ್ನ ಮುಖವನ್ನು ನೇರ ನೋಡಿ ಹೇಳಿದರು:

"ನೀವು ನನ್ನ ಕೈ ಹಿಡೀಬಾರದಿತ್ತು ಸಾರ್. ನಾನೂ ನಿಮ್ಮ ಮಾತು ಕೇಳಬಾರದಿತ್ತು."

ಅಷ್ಟೇ. ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಅಕ್ಕ ಹೋದ ಮೇಲೆ ಅಂದು ಮೊದಲ ಸಲ ನಾನು ಅತ್ತೆ, ಅವರೂ ಅತ್ತರು. ಹೊರಡುವಾಗ, ಇನ್ನು ಮುಂದೆ ಎಂಥ ಬೀಗವಿದ್ದರೂ ಎರಡನೇ ಏಟು ಹಾಕಿಯೇ ಹಾಕುತ್ತೇನೆ ಎಂದರು. ಅಂಥ ವೈದ್ಯೆಯನ್ನು ನೀವು ಸೋಮವಾರ ಮನೆಗೆ ಕಳಿಸಲು ಹೊರಟಿದ್ದೀರಿ. ಮಂಗಳವಾರ ಪೆಟ್ಟು ತಿಂದು ಬರುವವರು ಯಾರ ಅಕ್ಕನೋ ನನಗೆ ಗೊತ್ತಿಲ್ಲ. ಅವರ ಪಕ್ಕದಲ್ಲಿ ಕಪಾಟನ್ನು ಪ್ರೀತಿಸುವ ನನ್ನಂಥ ತಮ್ಮ ಇದ್ದರೆ, ಅವನ ಕೈ ತಳ್ಳುವವರು ಯಾರು ಉಳಿದಿರುತ್ತಾರೆ?

ಆದ್ದರಿಂದ ಕೇಳುತ್ತೇನೆ, ಮನವಿ ಎಂದಾದರೂ ಕರೆಯಿರಿ, ಒತ್ತಾಯ ಎಂದಾದರೂ. ನಮೂನೆ ಹದಿನಾಲ್ಕನ್ನು ಇಂದೇ ರದ್ದುಮಾಡಿ, ಬರೆದವನೇ ಹೇಳುತ್ತಿದ್ದೇನೆ. ಯಂತ್ರವನ್ನು ಕಪಾಟಿನಿಂದ ತೆಗೆದು ಮಂಚಗಳ ನಡುವೆ, ಚಾರ್ಜಿಗೆ ಹಾಕಿ, ಬೀಗವಿಲ್ಲದೆ ಇಡಿ. ಅಪಘಾತ ವಿಭಾಗದ ಪ್ರತಿಯೊಬ್ಬ ವೈದ್ಯರಿಗೂ ಅದನ್ನು ಸರಿಯಾಗಿ ಬಳಸಲು ಕಲಿಸಿ, ಕಲಿಸುವವರು ನಿಮ್ಮಲ್ಲೇ ಒಬ್ಬರಿದ್ದಾರೆ. ಲೆಕ್ಕ ಬರೆಯಲೇಬೇಕೆಂದಿದ್ದರೆ ಬಳಸಿದ ಮೇಲೆ ಬರೆಯಿರಿ. ಗೀರು ಬೀಳುತ್ತದೆ, ಬೀಳಲಿ. ಹಿಡಿಕೆ ಮತ್ತೆ ಒಡೆಯಬಹುದು, ಒಡೆಯಲಿ. ವೈದ್ಯೆಯ ನೋಟಿಸ್ ಹಿಂಪಡೆಯಿರಿ. ಮೂವತ್ತೆಂಟು ನಿಮಿಷಗಳನ್ನು ವರದಿಯಲ್ಲಿ ಬರೆಯಿರಿ, ಅದರ ಎದುರು ನನ್ನ ಹುದ್ದೆಯನ್ನೂ ನಿಮ್ಮ ಹುದ್ದೆಯನ್ನೂ ಬರೆಯಿರಿ. ಸೋಮವಾರ ಹತ್ತಕ್ಕೆ ನಾನು ನಿಮ್ಮ ಕೋಣೆಯ ಹೊರಗೆ ಬರುತ್ತೇನೆ. ಈ ಸಲ ಕರೆಯುವವರೆಗೆ ಕಾಯುವುದಿಲ್ಲ, ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತೇನೆ.

ಕೊನೆಯದಾಗಿ ಒಂದು ಮಾತು, ಇದರಲ್ಲಿ ನನ್ನ ಸ್ವಾರ್ಥವೂ ಇದೆ. ಆ ವೈದ್ಯೆಯನ್ನು ನೀವು ತೆಗೆದುಹಾಕಿದರೆ ಅವರು ಬೇರೆ ಊರಿಗೆ ಹೋಗುತ್ತಾರೆ. ಆಮೇಲೆ ನಾನು ನನ್ನ ಅಕ್ಕನಿಗೆ ಮಾಡಿದ್ದನ್ನು ತಪ್ಪು ಎನ್ನುವವನು ಈ ಊರಿನಲ್ಲಿ ನಾನೊಬ್ಬನೇ ಆಗಿಬಿಡುತ್ತೇನೆ.

ಇಂತಿ,
ನಿಮ್ಮ ಆಸ್ಪತ್ರೆಯ ವಿಶ್ವಾಸವನ್ನು ಇಪ್ಪತ್ತೇಳು ವರ್ಷ ಉಳಿಸಿಕೊಂಡದ್ದಕ್ಕೆ ನಾಚುವ
ಒಬ್ಬ ಮಾಜಿ ಸ್ಟೋರ್‌ಕೀಪರ್